ಬೀಜದ ಬೆನ್ನಿನ ಗೀರು

ಪೊಟ್ಟಣ ಖಾಲಿ ಇತ್ತು.

ಅಟೆಂಡರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಬೋರಲು ಮಾಡಿ ಮೇಜಿನ ಗಾಜಿನ ಮೇಲೆ ಮೆಲ್ಲಗೆ ತಟ್ಟಿದ. ಬಿದ್ದದ್ದು ಒಂದು ಚಿಟಿಕೆ ಧೂಳು. ಪೊಟ್ಟಣದ ಮೇಲೆ ನೀಲಿ ಶಾಯಿಯಲ್ಲಿ ‘ಬೀಜ, ಹನ್ನೊಂದು’ ಎಂದು ಬರೆದಿತ್ತು. ಬರೆದವಳು ನಾನೇ, ಮೂವತ್ತನಾಲ್ಕು ವರ್ಷದ ಹಿಂದೆ, ಇದೇ ಮೇಜಿನ ಮುಂದೆ ನಿಂತು.

ಊರಾಚೆಯ ಜವುಗಿನಲ್ಲಿ ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದಿದ್ದ ಗೆಜ್ಜೆಬೆಂಡು ಎಂಬ ಗಿಡ ಈ ಮಳೆಗಾಲ ಒಂಬತ್ತು ಕಡೆ ತಲೆ ಎತ್ತಿತ್ತು. ತಾನಾಗಿ ಹುಟ್ಟಿತೋ, ಯಾರಾದರೂ ತಂದು ನೆಟ್ಟರೋ ಎಂದು ಶುಕ್ರವಾರದ ವಿಚಾರಣೆಗೆ ಮೊದಲು ವಿಚಾರಣಾ ಅಧಿಕಾರಿಗೆ ಹೇಳಬೇಕಾದ ಪತ್ತೇದಾರಳು ನಾನು. ತಾನಾಗಿ ಹುಟ್ಟಿದ್ದಾದರೆ ಜವುಗು ಉಳಿಯುತ್ತದೆ. ನೆಟ್ಟದ್ದಾದರೆ ಮಣ್ಣು ಸುರಿದು ಮುಚ್ಚಿ, ಮೇಲೆ ಗೋದಾಮು ಕಟ್ಟುತ್ತಾರೆ.

ಇವತ್ತು ಬುಧವಾರ.

ಅದು ಕಾಲೇಜಿನ ಹಳೆಯ ಕಟ್ಟಡದ ಕೊನೆಯ ಕೋಣೆ. ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ, ನಂಬರು ಹಾಕಿ, ಕಬ್ಬಿಣದ ಬೀರುಗಳಲ್ಲಿ ಜೋಡಿಸಿಟ್ಟಿದ್ದರು. ನುಸಿಗುಳಿಗೆಯ ವಾಸನೆ ಒಂದಿಷ್ಟೂ ಬದಲಾಗಿರಲಿಲ್ಲ. ನನ್ನ ಹಾಳೆಯ ಮೇಲೆ ಗೆಜ್ಜೆಬೆಂಡಿನ ಕಡ್ಡಿ ಕಂದಾಗಿತ್ತು, ಎಲೆಗಳು ಚಹಾದ ಬಣ್ಣಕ್ಕೆ ತಿರುಗಿದ್ದವು. ಕಾಯಿಗಳು ಮಾತ್ರ ಹಾಗೇ ಇದ್ದವು. ಗಂಟು ಗಂಟಾಗಿ, ಯಾರದೋ ಕಾಲಿನಿಂದ ಬಿಚ್ಚಿಟ್ಟ ಗೆಜ್ಜೆಯ ಹಾಗೆ.

ನಾನು ರಿಜಿಸ್ಟರ್ ಕೇಳಿದೆ. ಅಟೆಂಡರ್ ಕೊಟ್ಟ. ಒಂದು ವರ್ಷದಲ್ಲಿ ಈ ಬೀರು ತೆರೆಸಿದವರು ಮೂವರು. ಇಬ್ಬರು ವಿದ್ಯಾರ್ಥಿಗಳು, ಅವರು ನೋಡಿದ್ದು ಹುಲ್ಲಿನ ಹಾಳೆಗಳನ್ನು. ಮೂರನೆಯವನು ಗೋದಾಮಿನ ಕಂಪನಿಯ ಸರ್ವೆ ಎಂಜಿನಿಯರ್.

ನಿನ್ನೆಯವರೆಗೂ ನನ್ನ ಅನುಮಾನ ಆ ಎಂಜಿನಿಯರ್ ಮೇಲೇ ಇತ್ತು. ತಾವೇ ಕದ್ದು ನೆಟ್ಟು, ಆಮೇಲೆ ತಾವೇ ‘ಮೋಸ’ ಎಂದು ಕೂಗಿ, ಜವುಗಿನ ಪರ ನಿಂತವರ ಬಾಯಿ ಮುಚ್ಚಿಸುವ ಹಂಚಿಕೆ ಇರಬಹುದೆಂದು ನಂಬಿದ್ದೆ. ನಂಬಲು ಇಷ್ಟವಿತ್ತು ಎಂದರೆ ಸರಿಯಾದೀತು. ಆದರೆ ಅವನು ಇಲ್ಲಿಗೆ ಬಂದದ್ದು ಹೋದ ವಾರ. ಜವುಗಿನ ಗಿಡಗಳಿಗೆ ಆಗಲೇ ಮೊಣಕಾಲೆತ್ತರ.

“ರಿಜಿಸ್ಟರಲ್ಲಿ ಬರೀದೆ ಯಾರಾದ್ರೂ ಬಂದಿದ್ರಾ?” ಎಂದೆ.

ಅಟೆಂಡರ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಮತ್ತೆ ಹಾಕಿಕೊಂಡ. ಮತ್ತೆ ತೆಗೆದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇಪ್ಪತ್ತೈದು ವರ್ಷದಿಂದ ನೋಡುತ್ತಾ ಬಂದಿದ್ದೇನೆ. ಇವನು ತನ್ನ ಹೆಗಲು ಮುಟ್ಟಿಕೊಳ್ಳಲಿಲ್ಲ. ಬೇರೆ ಯಾರದೋ ಹೆಗಲನ್ನು ಮರೆಮಾಡುತ್ತಿದ್ದ.

“ಈ ರೂಮು ಕಟ್ಟಿದೋರೇ ಅವರು,” ಎಂದ ಕೊನೆಗೆ. “ಅವರ ಹತ್ರ ಸಹಿ ಹಾಕಿಸ್ಕೊಳ್ಳೋಕೆ ನನಗೆ ಬಾಯಿ ಬರ್ಲಿಲ್ಲಮ್ಮ.”

ಯಾರು ಎಂದು ನಾನು ಕೇಳಲಿಲ್ಲ. ಕೇಳದೆಯೂ ಅವನು ಹೇಳಿದ: ಹೋದ ವರ್ಷ, ಬೇಸಿಗೆಗೆ ಮುಂಚೆ, ನನಗೆ ಗಿಡಗಳ ಪಾಠ ಹೇಳಿದ ಎಲೆ ಟೀಚರ್ ಬಂದಿದ್ದರು. ಜೊತೆಗೆ ಅವರ ತಂಗಿಯೂ ಇದ್ದರು. ಟೀಚರ್ ಈ ಹಾಳೆಯ ಮುಂದೆ ತುಂಬಾ ಹೊತ್ತು ಕೂತಿದ್ದರಂತೆ. ಇವನು ಚಹಾ ತರಲು ಹೋಗಿ ಬರುವಷ್ಟರಲ್ಲಿ ಎದ್ದು ಹೊರಟಿದ್ದರಂತೆ.

ನನ್ನ ಚೀಲದಲ್ಲಿ ಒಂದು ಬೆಂಕಿಪೊಟ್ಟಣವಿತ್ತು. ನಿನ್ನೆ, ಜವುಗಿನ ನೀರು ಬಿಡುವ ತೂಬು ಕಾಯುವ ತೂಬಿನವನ ತೆಪ್ಪದಲ್ಲಿ ಹೋಗಿ ಜವುಗಿನ ಮೊದಲನೆಯ ಗಿಡದ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು, ಜರಡಿ ಹಿಡಿದಿದ್ದೆ. ಸಿಕ್ಕಿದ್ದು ಎರಡು ವಸ್ತು. ಒಂದು, ಉಗುರಿನಷ್ಟುದ್ದದ ನೀಲಿ ದಾರ. ಇನ್ನೊಂದು, ಹೆಸರುಕಾಳಿಗಿಂತ ಸಣ್ಣ ಬೀಜದ ಒಡೆದ ಸಿಪ್ಪೆ. ಭೂತಗನ್ನಡಿಯಲ್ಲಿ ನೋಡಿದರೆ ಸಿಪ್ಪೆಯ ಬೆನ್ನಿನ ಮೇಲೆ ಒಂದು ಗೀರು. ಉಪ್ಪುಕಾಗದದಿಂದ ಉಜ್ಜಿದ್ದು. ಕೂದಲೆಳೆಯಷ್ಟು ಸಣ್ಣದು, ನೇರವಾದದ್ದು.

ಆ ಗೀರು ಎಲ್ಲಿ ಕಲಿತದ್ದು ಎಂದು ನನಗೆ ಗೊತ್ತಿತ್ತು.

*

ನಾವು ಏಳು ಜನ ಇದ್ದೆವು ಆ ವರ್ಷದ ತರಗತಿಯಲ್ಲಿ. ಎಲೆ ಟೀಚರ್ ಎಲ್ಲರಿಗೂ ಒಂದೊಂದು ಹೆಸರು ಇಟ್ಟಿದ್ದರು. ಬಾಯಿ ಮುಚ್ಚದೆ ಪ್ರಶ್ನೆ ಕೇಳುತ್ತಿದ್ದ ನಾನು ಜೀರುಂಡೆ.

ಬೆಳಗಿನ ಮಂಜು ಕರಗುವ ಮುಂಚೆ ನಮ್ಮನ್ನು ಜವುಗಿಗೆ ಕರೆದುಕೊಂಡು ಹೋಗುತ್ತಿದ್ದರು. ಹೆಗಲಿಗೆ ಒಂದು ಹಳೆಯ ಸೈಕಲ್ ಟೈರು ಸಿಕ್ಕಿಸಿಕೊಂಡಿರುತ್ತಿದ್ದರು. ಏರಿಯ ಮೇಲೆ ನಿಂತು ಅದನ್ನು ಕಣ್ಣು ಮುಚ್ಚಿ ಎಸೆಯುವುದು. ಬಿದ್ದಲ್ಲಿ, ಆ ಬಳೆಯೊಳಗೆ ಎಷ್ಟು ಬಗೆಯ ಜೀವ ಇದೆಯೋ ಅಷ್ಟನ್ನೂ ಎಣಿಸುವುದು. ಹುಲ್ಲು, ಪಾಚಿ, ಬಸವನಹುಳು, ಎಲೆಯಡಿ ಅಂಟಿದ ಮೊಟ್ಟೆ, ನೀರಿನ ಮೇಲೆ ಓಡುವ ಹುಳ. ಮೊದಲ ದಿನ ನಾವು ಹನ್ನೆರಡು ಎಂದೆವು. ಟೀಚರ್ ನಕ್ಕು, ಮಂಡಿಯೂರಿ ಕೂತು, ಮತ್ತೆ ಎಣಿಸಿದರು. ನಲವತ್ತಮೂರು.

ಒಂದು ಸೈಕಲ್ ಟೈರಿನೊಳಗೆ ನಲವತ್ತಮೂರು ಸಂಸಾರ. ಆ ದಿನ ಮನೆಗೆ ಬಂದು ನಮ್ಮ ಅಮ್ಮನಿಗೆ ಹೇಳಿದಾಗ ಅವಳು, ಒಂದು ಸೂರಿನಡಿ ಮೂರು ಸಂಸಾರ ಇದ್ದದ್ದಕ್ಕೇ ತನಗೆ ಸಾಕುಸಾಕಾಗಿದೆ ಎಂದಿದ್ದಳು.

ಗೆಜ್ಜೆಬೆಂಡು ಸಿಕ್ಕಿದ್ದು ಆ ವರ್ಷದ ಕೊನೆಯಲ್ಲಿ, ನನಗೆ. ಒಣಗಿದ ಕಾಯಿ ಗಾಳಿಗೆ ಗಲಗಲ ಎನ್ನುತ್ತಿತ್ತು. ಕಣ್ಣಿಗಿಂತ ಮೊದಲು ಕಿವಿಗೆ ಸಿಕ್ಕಿತು. ಬೀಜಗಳಲ್ಲಿ ಎರಡನ್ನು ಮೊಳಕೆ ಬರಿಸಲು ನೋಡಿದೆವು. ಎಷ್ಟು ನೆನೆಸಿದರೂ ಕಲ್ಲಿನ ಹಾಗೆ ಕೂತಿದ್ದವು. ಆಗ ಟೀಚರ್ ಉಪ್ಪುಕಾಗದದ ಚೂರು ತಂದರು.

“ಗಟ್ಟಿ ಬೀಜ ಅಂದ್ರೆ ಮುಚ್ಚಿದ ಬಾಗಿಲು. ಒದೀಬೇಡಿ, ತಟ್ಟಿ. ಕಣ್ಣಿನ ಕಡೆ ಮುಟ್ಲೇಬೇಡಿ. ಬೆನ್ನಿನ ಕಡೆ ಒಂದು ಗೀರು ಸಾಕು.”

ಬೀಜಕ್ಕೂ ಕಣ್ಣು, ಬೆನ್ನು ಇರುತ್ತದೆಂದು ನನಗೆ ಗೊತ್ತಾದದ್ದು ಅವತ್ತು. ಎಷ್ಟೋ ಸಲ ಸುಳ್ಳು ಹೇಳುವವರ ಎದುರು ಕೂತಾಗ ಆ ಮಾತು ನೆನಪಾಗಿದೆ. ಇವತ್ತು ಅದನ್ನು ಹೇಳಿಕೊಟ್ಟವರ ಎದುರೇ ಕೂರಬೇಕಿತ್ತು.

*

ಅಕ್ಕತಂಗಿಯರ ಮನೆ ಅಚ್ಚಿನಮನೆಯ ಹಿಂದಿನ ಗಲ್ಲಿಯಲ್ಲಿ. ಮುಂದಿನ ಕೋಣೆಯಲ್ಲಿ ತಂಗಿಯ ಹೊಲಿಗೆ ಅಂಗಡಿ, ಹಿಂದಿನ ಕೋಣೆಯಲ್ಲಿ ಅಕ್ಕನ ನೋಟುಪುಸ್ತಕಗಳು. ಒಂದು ದಿನವೂ ಪಾಠ ಮಾಡದ ತಂಗಿಯನ್ನು ನಾವೆಲ್ಲ ತಮಾಷೆಗೆ ಚಿಕ್ಕ ಟೀಚರ್ ಎನ್ನುತ್ತಿದ್ದೆವು. ಆ ಹೆಸರೇ ಊರಿನಲ್ಲಿ ನಿಂತುಬಿಟ್ಟಿತ್ತು.

ಬಾಗಿಲು ತೆರೆದವರು ಅವರೇ. ನನ್ನನ್ನು ನೋಡಿ, ದಪ್ಪಗಾಗಿದ್ದೀಯ, ಅಳತೆ ಕೊಟ್ಟು ಹೋಗು ಎಂದರು. ನಾನು ಬರುವುದನ್ನು ನಿನ್ನೆಯೇ ಫೋನಿನಲ್ಲಿ ಹೇಳಿದ್ದೆ. ಆದರೂ ಚೀಲ ಹೆಗಲಿಗೇರಿಸಿ ಹೊರಟು ನಿಂತಿದ್ದರು. ಗಿರಾಕಿಯೊಬ್ಬರ ಮನೆಗೆ ಹೋಗಬೇಕು, ಮಧ್ಯಾಹ್ನದೊಳಗೆ ಬಂದುಬಿಡುತ್ತೇನೆ ಎಂದರು. ನೆಲದ ತುಂಬ ದಾರದ ತುಂಡುಗಳಿದ್ದವು. ಕೆಂಪು, ಬಿಳಿ, ನೀಲಿ.

ಎಲೆ ಟೀಚರ್ ಹಿಂದಿನ ಕೋಣೆಯ ಕಿಟಕಿಯ ಪಕ್ಕ ಕೂತಿದ್ದರು. ಎಪ್ಪತ್ತೆಂಟು ವಯಸ್ಸು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸೆಕೆ ಇದ್ದರೂ ಮಡಿಲ ಮೇಲೆ ಶಾಲು ಹೊದ್ದು, ಎರಡೂ ಕೈ ಅದರೊಳಗೆ ಇಟ್ಟುಕೊಂಡಿದ್ದರು. ಕಿಟಕಿಯ ಹಲಗೆಯ ಮೇಲೆ ನಾಲ್ಕು ದುಂಡನೆಯ ಕಲೆ. ಕುಂಡ ಇಟ್ಟು ತೆಗೆದ ಕಲೆ.

“ಬಾ, ಜೀರುಂಡೆ,” ಎಂದರು. “ನೀನೇ ಬರ್ತೀಯ ಅಂತ ಗೊತ್ತಿತ್ತು. ಬೇರೆಯವರಾದ್ರೆ ಇಷ್ಟು ಬೇಗ ಬರ್ತಿರ್ಲಿಲ್ಲ.”

ಬೆಂಕಿಪೊಟ್ಟಣ ತೆರೆದು ಅವರ ಮುಂದೆ ಇಟ್ಟೆ. ಅವರು ಕೈ ಚಾಚಲಿಲ್ಲ. ಬಾಗಿ ನೋಡಿದರು.

“ಗೀರು ಯಾವ ಕಡೆ ಇದೆ?”

“ಬೆನ್ನಿನ ಕಡೆ.”

“ಹಾಗಾದ್ರೆ ಚೆನ್ನಾಗೇ ಕಲಿಸಿದೀನಿ.”

ನಾನು ಇನ್ನೊಂದು ಕಾಗದ ಹೊರತೆಗೆದೆ. ವಿಚಾರಣಾ ಅಧಿಕಾರಿಗೆ ಅವರು ಕೊಟ್ಟಿದ್ದ ಹೇಳಿಕೆಯ ಪ್ರತಿ. ‘ಈ ಗಿಡಗಳು ಜವುಗಿನಲ್ಲಿ ತಾವಾಗಿ ಬೆಳೆದವು’ ಎಂದು ಎರಡು ಸಾಲು, ಕೆಳಗೆ ಸಹಿ. ಅದನ್ನು ಅವರು ಮೊದಲ ಸಲ ನೋಡುವವರ ಹಾಗೆ ಓದಿದರು. ಓದಿ ಮುಗಿದ ಮೇಲೂ ಕಣ್ಣು ಸಹಿಯ ಮೇಲೇ ಇತ್ತು.

“ಸಹಿ ನನ್ದೇ,” ಎಂದರು. “ಬರ್ಕೋ.”

ಯಾಕೆ ಎಂದು ಕೇಳಿದೆ. ಪತ್ತೇದಾರಳಾಗಿ ಅಲ್ಲ, ಹಳೆಯ ಜೀರುಂಡೆಯಾಗಿ.

ಅವರು ನಿಧಾನವಾಗಿ ಹೇಳಿದರು. ಆರು ವರ್ಷ ಅಧಿಕಾರಿಗಳ ಕೋಣೆಗೆ ಅಲೆದಿದ್ದರಂತೆ. ಪ್ರತಿ ಸಲವೂ ಒಂದು ಪಟ್ಟಿ ಒಯ್ಯುತ್ತಿದ್ದರು. ಮುನ್ನೂರ ಹದಿನೆಂಟು ಬಗೆಯ ಗಿಡ, ಹುಳ, ಕಪ್ಪೆ, ಮೀನು, ಹಕ್ಕಿ. ಅಧಿಕಾರಿ ಹಾಳೆ ಮಗುಚಿ ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದನಂತೆ, ಇದರಲ್ಲಿ ಅಪರೂಪದ್ದು ಯಾವುದು? ಎಲ್ಲ ಒಟ್ಟಿಗೆ ಇರುವುದೇ ಅಪರೂಪ ಎಂದರೆ ಅವನು ಅದನ್ನು ಬರೆದುಕೊಳ್ಳುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಜವುಗಿನ ಬಡಗಣ ಭಾಗಕ್ಕೆ ಮಣ್ಣು ಹಾಕಿದ್ದು ನನಗೂ ನೆನಪಿತ್ತು. ಮೊದಲು ಬಸವನಹುಳು ಹೋದವು ಎಂದರು ಟೀಚರ್. ಅವನ್ನು ತಿನ್ನುತ್ತಿದ್ದ ದೊಡ್ಡ ಕೊಕ್ಕಿನ ಹಕ್ಕಿಗಳು ಆಮೇಲೆ. ನೀರಿನೊಳಗೆ ಬೆಳೆಯುವ ಏರೋಪ್ಲೇನ್ ಚಿಟ್ಟೆಯ ಮರಿಗಳು ಇಲ್ಲವಾದ ವರ್ಷವೇ ಕೆಳಗಿನ ಬೀದಿಯಲ್ಲಿ ಸೊಳ್ಳೆ ಹೆಚ್ಚಿ ಜ್ವರ ಬಂತು. ಅದರ ಮುಂದಿನ ಮಳೆಗೆ ಅದೇ ಬೀದಿಯ ಮನೆಗಳಲ್ಲಿ ಸೊಂಟದವರೆಗೆ ನೀರು. ಜೊಂಡು ಸೋಸಿ ಕಳಿಸುತ್ತಿದ್ದ ನೀರೇ ಊರಿನ ಬಾವಿಗಳಿಗೆ ಇಳಿಯುತ್ತಿದ್ದದ್ದು. ಬಾವಿಗಳು ಒಂದೊಂದಾಗಿ ವಾಸನೆ ಹಿಡಿದವು. ಜನ ಅದನ್ನೆಲ್ಲ ಬೇರೆ ಬೇರೆ ಕಷ್ಟ ಎಂದುಕೊಂಡರು.

“ಒಂದು ಎಳೆ ಕಿತ್ತರೆ ಬಟ್ಟೆ ಹರಿಯಲ್ಲ,” ಎಂದರು. “ಎಷ್ಟನೇ ಎಳೆಗೆ ಹರಿಯುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕೇ ಒಂದನ್ನೂ ಕೀಳ್ಬಾರ್ದು. ಇದನ್ನ ಅವನಿಗೆ ಯಾವ ಭಾಷೇಲಿ ಹೇಳ್ಬೇಕಿತ್ತು?”

ಕೆಳಗಿನ ಬೀದಿಯಲ್ಲಿ ನೀರು ನಿಂತ ವರ್ಷ ನಾನು ಅಮ್ಮನನ್ನು ಎತ್ತಿಕೊಂಡು ಮಹಡಿ ಹತ್ತಿದ್ದೆ. ಆದರೂ ಹೇಳಬೇಕಾದದ್ದನ್ನು ಹೇಳಲೇಬೇಕಿತ್ತು.

“ಒಂದು ಸುಳ್ಳು ಸಿಕ್ಕಿಬಿದ್ರೆ, ನೀವು ನಲವತ್ತು ವರ್ಷ ಎಣಿಸಿದ್ದೂ ಸುಳ್ಳು ಅಂತಾರೆ ಟೀಚರ್. ಆ ಮುನ್ನೂರ ಹದಿನೆಂಟೂ ಹೋಗುತ್ತೆ. ಕಂಪನಿಗೆ ಇದಕ್ಕಿಂತ ಇನ್ನೇನು ಬೇಕು?”

ಅವರು ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನೋಡಬಾರದಿತ್ತು ಎನ್ನಿಸಿತು. ಪೆನ್ನು ತೆಗೆದು, ಬರೆಯುವ ನೆಪದಲ್ಲಿ ಕಾಗದದ ಕಡೆ ಬಾಗಿದೆ.

“ಎಷ್ಟು ಗಿಡ?”

“ಹನ್ನೊಂದರಲ್ಲಿ ನಾಲ್ಕು ಮೊಳೆತವು. ನಾಲ್ಕೇ.”

“ಅಲ್ಲಿ ಒಂಬತ್ತಿದೆ.”

ಟೀಚರ್ ಮುಖ ಎತ್ತಿದರು. ಅವರ ಕಣ್ಣು ಚುರುಕಾದದ್ದನ್ನು, ಮೂವತ್ತನಾಲ್ಕು ವರ್ಷ ಒಂದೇ ಉಸಿರಿಗೆ ಹಿಂದಕ್ಕೆ ಹೋದದ್ದನ್ನು ನಾನು ಕಂಡೆ.

“ಒಂಬತ್ತಾ? ಸರಿಯಾಗಿ ಎಣಿಸಿದ್ಯಾ? ಯಾವ ಮೂಲೇಲಿ ಇದೆ? ಹತ್ತಿರಹತ್ತಿರನಾ, ದೂರದೂರನಾ?”

ತೆಂಕಣ ಏರಿಯ ಹತ್ತಿರ, ನಾಲ್ಕು ಒಂದು ಸಾಲಿನಲ್ಲಿ, ಉಳಿದವು ಅವುಗಳ ಸುತ್ತ ಚೆಲ್ಲಾಪಿಲ್ಲಿ ಎಂದೆ.

ಅವರು ಎದ್ದು ನಿಂತರು. ಗಟ್ಟಿ ಬೀಜ ಕೆಸರಿನಡಿ ಹತ್ತಾರು ವರ್ಷ ಸುಮ್ಮನೆ ಮಲಗಿರುತ್ತದೆ ಎಂದರು. ಬೆಳಕು, ಗಾಳಿ ಸೋಕದೆ ಏಳುವುದಿಲ್ಲ. ನೆಡಲು ಗುಂಡಿ ತೋಡಿದಾಗ ತಳದ ಕೆಸರು ಮೇಲೆ ಬಂದಿರಬೇಕು. ಸನಿಕೆಯ ಅಲಗು ತಾಗಿ, ಮರಳು ಉಜ್ಜಿ, ಬೀಜದ ಬಾಗಿಲು ತೆರೆದಿರಬೇಕು. ಹಾಗಿದ್ದರೆ ಆ ಐದು ಗಿಡ ಯಾರೂ ನೆಟ್ಟದ್ದಲ್ಲ. ಜವುಗು ತಾನೇ ಬಚ್ಚಿಟ್ಟುಕೊಂಡಿದ್ದವು.

“ಅವುಗಳ ಬುಡದಲ್ಲಿ ಕುಂಡದ ಮಣ್ಣು ಇರಲ್ಲ. ದಾರ ಇರಲ್ಲ. ಬರೀ ಕೆಸರು,” ಎಂದರು. “ನನ್ನ ನಾಲ್ಕನ್ನ ಸುಳ್ಳು ಅಂತ ಬರಿ. ಐದನ್ನ ನಿಜ ಅಂತ ಬರೆಯೋಕೆ ಆಗುತ್ತಾ?”

ಆಗುತ್ತದೆ ಎಂದೆ. ಐದೂ ಗಿಡದ ಬುಡವನ್ನು ಅವರ ಎದುರೇ, ಇವತ್ತೇ ನೋಡಬೇಕು ಎಂದೆ.

*

ಬಾಡಿಗೆ ಕಾರು ಹಿಡಿದು ಹೊರಟೆವು. ಟೀಚರ್ ಕಿಟಕಿಯ ಹೊರಗೆ ನೋಡುತ್ತಾ, ಇಲ್ಲಿ ಹಿಂದೆ ಒಂದು ಹಳ್ಳವಿತ್ತು, ಅಲ್ಲಿ ಮಿಂಚುಳ್ಳಿ ಗೂಡು ಕಟ್ಟುತ್ತಿತ್ತು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಈಗ ಅಲ್ಲಿ ಟೈರ್ ಅಂಗಡಿ, ಇಲ್ಲಿ ಪೆಟ್ರೋಲ್ ಬಂಕು. ಅವರು ಮಾತ್ರ ಹಳೆಯ ನಕ್ಷೆಯ ಮೇಲೇ ಪ್ರಯಾಣ ಮಾಡುತ್ತಿದ್ದರು.

ಅರ್ಧ ದಾರಿಯಲ್ಲಿ ನನಗೆ ಒಂದು ಮಾತು ಮುಳ್ಳಿನ ಹಾಗೆ ಚುಚ್ಚಿತು. ‘ಯಾವ ಮೂಲೇಲಿ ಇದೆ?’

ನೆಟ್ಟವರು ಎಲ್ಲಿ ನೆಟ್ಟೆ ಎಂದು ಕೇಳುತ್ತಾರೆಯೇ?

ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕಾರು ಏರಿಯ ಬುಡದಲ್ಲಿ ನಿಂತಿತು. ಇಳಿಯುವ ಮೊದಲೇ ಸದ್ದು ಕೇಳಿಸಿತು. ನೀರು ಓಡುವ ಸದ್ದು.

ತೂಬು ತೆರೆದಿತ್ತು.

ನಿನ್ನೆ ನಾನು ತೆಪ್ಪದಲ್ಲಿ ಹೋಗಿದ್ದ ಕಡೆಯೆಲ್ಲ ಕೆಸರು ಕಪ್ಪಗೆ ಹೊಳೆಯುತ್ತಿತ್ತು. ಜೊಂಡು ಒಂದರ ಮೇಲೊಂದು ಒರಗಿತ್ತು. ಸಣ್ಣ ಮೀನುಗಳು ಅಂಗೈಯಷ್ಟು ನೀರಿನಲ್ಲಿ ಬೆನ್ನು ತೋರಿಸಿ ಒದ್ದಾಡುತ್ತಿದ್ದವು. ಕೊಕ್ಕರೆಗಳಿಗೆ ಸಂತರ್ಪಣೆ.

ತೂಬಿನವನು ನಮ್ಮನ್ನು ನೋಡಿ ಎದ್ದು ನಿಂತ. ಟೀಚರನ್ನು ಕಂಡು ಕೈ ಕಟ್ಟಿಕೊಂಡ. ಅವನೂ ಅವರ ಹತ್ತಿರವೇ ಓದಿದವನು. ನಾನು ಯಾಕೆ ತೆರೆದೆ ಎಂದು ಕೇಳಿದ್ದಕ್ಕೆ ಅವನಿಗೇ ಆಶ್ಚರ್ಯ.

“ಟೀಚರೇ ಕಾಗದ ಕೊಟ್ಟಿದಾರಲ್ಲ,” ಎಂದ. “ಬೆಳಿಗ್ಗೆ ಏಳಕ್ಕೆ ಚಿಕ್ಕ ಟೀಚರ್ ತಂದ್ಕೊಟ್ರು. ಗಿಡದ ಬುಡ ಪರೀಕ್ಷೆ ಮಾಡ್ಬೇಕು, ನೀರು ಇಳಿಸು ಅಂತ.”

ಜೇಬಿನಿಂದ ಕಾಗದ ತೆಗೆದ. ಮೂರು ಸಾಲು, ಕೆಳಗೆ ಸಹಿ. ವಿಚಾರಣೆಯ ಹೇಳಿಕೆಯಲ್ಲಿದ್ದ ಅದೇ ಸಹಿ. ಒಂದು ಎಳೆಯೂ ಆಚೀಚೆ ಇಲ್ಲ.

ಟೀಚರ್ ಕಾಗದಕ್ಕೆ ಕೈ ಚಾಚಿದರು. ಆಗ ಮೊದಲ ಸಲ ಅವರ ಕೈ ಶಾಲಿನಿಂದ ಹೊರಗೆ ಬಂತು. ಅದು ಒಂದು ಕ್ಷಣವೂ ನಿಲ್ಲದೆ ನಡುಗುತ್ತಿತ್ತು. ಬೆರಳುಗಳು ಕಾಗದವನ್ನು ಹಿಡಿಯಲಾಗದೆ ಎರಡು ಸಲ ಜಾರಿದವು. ಈ ಕೈ ಹೆಸರುಕಾಳಿಗಿಂತ ಸಣ್ಣ ಬೀಜಕ್ಕೆ ಕೂದಲೆಳೆಯಷ್ಟು ನೇರ ಗೀರು ಹಾಕಲಾರದು. ಸಹಿಯಂತೂ ದೂರದ ಮಾತು.

“ಎಷ್ಟು ದಿನದಿಂದ ಹೀಗೆ?” ಎಂದೆ.

“ಎರಡು ವರ್ಷ ಆಯ್ತು. ನನ್ನ ಪತ್ರ ಎಲ್ಲಾ ಅವಳೇ ಬರೆಯೋದು. ಬೀಜ ಉಜ್ಜಿದ್ದೂ ಅವಳೇ, ನಾನು ಹೇಳ್ಕೊಟ್ಟೆ.” ಅವರ ದನಿ ತಗ್ಗಿತು. “ಒಂದ್ಸಲ ಅದರ ಹೂ ನೋಡಿ ಸಾಯ್ಬೇಕು ಅಂದಿದ್ದೆ, ಅಷ್ಟೇ. ಒಂದು ದಿನ ಕುಂಡ ಇರ್ಲಿಲ್ಲ. ಗಿಡ ಬಾಡೋಯ್ತು ಅಕ್ಕ, ಎಸೆದೆ ಅಂದ್ಳು. ನಾನು ನಂಬಿದೆ.”

ಆ ಹೇಳಿಕೆಯನ್ನು ಅವರು ಮೊದಲ ಸಲ ನೋಡಿದ್ದು ಇವತ್ತು, ನನ್ನ ಕೈಯಲ್ಲಿ. ನೋಡಿದ ಮರುಕ್ಷಣವೇ ಸಹಿ ತಮ್ಮದು ಎಂದಿದ್ದರು.

ತೂಬು ಮುಚ್ಚು ಎಂದು ತೂಬಿನವನಿಗೆ ಹೇಳಿದೆ. ಅವನು ಅಲುಗಲಿಲ್ಲ. ಚಕ್ರ ತಿರುಗಿಸುವ ಕಬ್ಬಿಣದ ಹಿಡಿಕೆ ಈಗ ಅವನ ಹತ್ತಿರ ಇರಲಿಲ್ಲ. ಅರ್ಧ ಗಂಟೆಯ ಹಿಂದೆ ಚಿಕ್ಕ ಟೀಚರ್ ಮತ್ತೆ ಬಂದು, ಅಕ್ಕ ಹೇಳಿದ್ದಾಳೆ ಎಂದು ಅದನ್ನೂ ಇಸಿದುಕೊಂಡು ಹೋಗಿದ್ದರು. ಯಾವ ಕಡೆ ಎಂದು ಕೇಳಿದೆ. ಅವನು ತೆಂಕಣ ಏರಿಯ ಕಡೆ ಕೈ ತೋರಿಸಿದ.

ನೂರು ಮಾರು ದೂರದಲ್ಲಿ, ಕೆಸರಿನ ನಡುವೆ, ಮೊಣಕಾಲಿನವರೆಗೆ ಹೂತುಕೊಂಡು ಒಂದು ಬಾಗಿದ ಬೆನ್ನು ಕಾಣಿಸಿತು. ಪಕ್ಕದಲ್ಲಿ ಬಾಯಿ ತೆರೆದ ಚೀಲ.

“ಅವಳಿಗೆ ನೀರಂದ್ರೆ ಭಯ,” ಎಂದರು ಟೀಚರ್. “ಚಿಕ್ಕೋಳಿದ್ದಾಗ ಒಂದ್ಸಲ ಮುಳುಗಿದ್ಳು.”

ಅಕ್ಕನ ಮೇಲೆ ಬರುವ ಅಪವಾದವನ್ನು ಬೇರುಸಹಿತ ಕಿತ್ತು ಒಯ್ಯಲು ಬಂದಿದ್ದಾರೆ ಎಂದುಕೊಂಡೆ. ತಾವು ನೆಟ್ಟದ್ದನ್ನು ತಾವೇ ಕೀಳುತ್ತಾರೆ, ಅಷ್ಟೇ. ಸಾಲಿನ ಮೊದಲ ಗಿಡ ಚೀಲಕ್ಕೆ ಹೋಯಿತು. ಎರಡನೆಯದು. ಮೂರನೆಯದು. ಏರಿಯ ಮೇಲೆ ನಾನು ಓಡತೊಡಗಿದೆ. ಹಿಂದಿನಿಂದ ಟೀಚರ್ ತಂಗಿಯನ್ನು ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕೂಗಿದರು. ಗಾಳಿ ಎದುರಿಗಿತ್ತು.

ನಾಲ್ಕನೆಯ ಗಿಡವೂ ಚೀಲ ಸೇರಿತು. ಚಿಕ್ಕ ಟೀಚರ್ ನೆಟ್ಟಗೆ ನಿಂತು ಹಣೆ ಒರೆಸಿಕೊಂಡರು. ನಮ್ಮ ಕಡೆ ತಿರುಗಿ ನೋಡಿದರು. ಅಕ್ಕನನ್ನು ಕಂಡರು, ಅದರಲ್ಲಿ ನನಗೆ ಅನುಮಾನವಿಲ್ಲ.

ಆಮೇಲೆ ಬಾಗಿ ಐದನೆಯದಕ್ಕೆ, ತಾವು ನೆಡದ ಗಿಡಕ್ಕೆ, ಕೈ ಹಾಕಿದರು.